ಸ್ಮಶಾನವೇ ಬಂಡವಾಳ

2023ರ ಜೂನ್‌ನಲ್ಲಿ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡ್ ಆಟಕ್ಕೆ ‘ಲಾರ್ಡ್ ಆಫ್ ದ ರಿಂಗ್ಸ್’ ಕಥಾಲೋಕದ ಸರಣಿಯೊಂದು ಬಂದು ಸೇರಿತು. ಅದರಲ್ಲಿ ‘ಒನ್ ರಿಂಗ್’ ಎಂಬ ಎಲೆಯ ವಿಶೇಷ ಪ್ರತಿಯನ್ನು ಇಡೀ ಜಗತ್ತಿಗೆ ಒಂದೇ ಒಂದು ಅಚ್ಚು ಹಾಕಿದ್ದರು. ಪೊಟ್ಟಣದಲ್ಲಿ ಅದು ಸಿಕ್ಕಿದವರಿಂದ ಅಮೆರಿಕದ ಗಾಯಕ ಪೋಸ್ಟ್ ಮಲೋನ್ ಸುಮಾರು 20 ಲಕ್ಷ ಡಾಲರಿಗೆ ಕೊಂಡುಕೊಂಡರು. ಅದೇ ಸರಣಿಯಲ್ಲಿ ‘ಜೆನರಸ್ ಎಂಟ್’ ಎಂಬ ಮರದ ಮನುಷ್ಯನೂ ‘ಟ್ರೋಲ್ ಆಫ್ ಖಜಾದ್‌ದೂಮ್’ ಎಂಬ ರಾಕ್ಷಸನೂ ಇದ್ದಾರೆ. ಇವು ಪೊಟ್ಟಣ ಒಡೆದವರ ಕೈಗೆಲ್ಲ ಬಂದು ಬೀಳುವ, ಚಿಲ್ಲರೆ ಕಾಸಿಗೆ ಸಿಗುವ ಎಲೆಗಳು. ಇಂಥವನ್ನೇ ಒಟ್ಟುಮಾಡಿ, ನಾಲ್ಕನೇ ಸರದಿಯಲ್ಲಿ ಎದುರಾಳಿಯನ್ನು ಒಂದೇ ಏಟಿಗೆ ಮುಗಿಸುವ ಕಟ್ಟೊಂದನ್ನು ಜೋಡಿಸುವುದು ಹೇಗೆ ಎಂಬುದು ಈ ವಾರದ ವಿಷಯ.

ಆಟ ಗೊತ್ತಿಲ್ಲದವರಿಗೆ ಒಂದಿಷ್ಟು ಹಿನ್ನೆಲೆ. ಗಣಿತದಲ್ಲಿ ಡಾಕ್ಟರೇಟ್ ಮಾಡುತ್ತಿದ್ದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟವನ್ನು ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 1993ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ರಮ್ಮಿಯಲ್ಲಿ ಎಲ್ಲರೂ ಎಳೆಯುವುದು ಒಂದೇ ಕಟ್ಟಿನಿಂದ. ಇಲ್ಲಿ ಪ್ರತಿಯೊಬ್ಬರೂ ತಮ್ಮ ಕಟ್ಟನ್ನು ತಾವೇ ಜೋಡಿಸಿಕೊಂಡು ಬರಬೇಕು. ಕನಿಷ್ಠ 60 ಎಲೆ ಇರಬೇಕು, ಮೂಲ ಲ್ಯಾಂಡ್‌ಗಳನ್ನು ಬಿಟ್ಟರೆ ಯಾವ ಎಲೆಯೂ ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಶುರುವಿಗೆ ಕೈಯಲ್ಲಿ ಏಳೆಲೆ, ಇಬ್ಬರಿಗೂ 20 ಲೈಫ್. ಸರದಿಗೊಂದರಂತೆ ‘ಲ್ಯಾಂಡ್’ ಎಲೆ ಇಳಿಸಿ, ಅದನ್ನು ಅಡ್ಡ ತಿರುಗಿಸಿದರೆ ‘ಮಾನಾ’ ಎಂಬ ಶಕ್ತಿ ಹುಟ್ಟುತ್ತದೆ. ಆ ಮಾನಾ ತೆತ್ತು ಜೀವಿಗಳನ್ನು ಇಳಿಸಬೇಕು, ಮಂತ್ರ ಹಾಕಬೇಕು. ಸತ್ತ ಜೀವಿ, ಬಳಸಿ ಮುಗಿದ ಮಂತ್ರ, ಕೈಯಿಂದ ಎಸೆದ ಎಲೆ ಎಲ್ಲವೂ ಮುಖ ಮೇಲಾಗಿ ಪಕ್ಕದ ರಾಶಿಗೆ ಹೋಗುತ್ತವೆ. ಆ ರಾಶಿಯೇ ಗ್ರೇವ್‌ಯಾರ್ಡ್. ಸ್ಮಶಾನ ಎಂದರೆ ಸಾಕು. ಇನ್ನೊಂದು ನಿಯಮ: ಕಟ್ಟು ಖಾಲಿಯಾದ ಮೇಲೆ ಎಲೆ ಎಳೆಯಬೇಕಾಗಿ ಬಂದವರು ಸೋತಂತೆ. ಇದು ಮುಂದೆ ಬೇಕಾಗುತ್ತದೆ.

ಈ ಆಟದಲ್ಲಿ ದುಡ್ಡು ಹೋಗುವುದು ಎಲ್ಲಿಗೆ? ಹೊಸಬರು ದೊಡ್ಡ ದೊಡ್ಡ ಡ್ರಾಗನ್‌ಗಳಿಗೆ ಎಂದುಕೊಳ್ಳುತ್ತಾರೆ. ನಿಜದಲ್ಲಿ ಬಹುಪಾಲು ಹೋಗುವುದು ಲ್ಯಾಂಡ್‌ಗಳಿಗೆ. ಎರಡು ಬಣ್ಣದ ಮಾನಾವನ್ನು ತಡವಿಲ್ಲದೆ ಕೊಡುವ ಲ್ಯಾಂಡ್ ಯಾವ ಕಟ್ಟಿಗಾದರೂ ಬೇಕು, ಹಾಗಾಗಿ ಅದರ ಬೆಲೆ ಸುಲಭಕ್ಕೆ ಇಳಿಯುವುದಿಲ್ಲ. 1993ರಲ್ಲಿ ಬಂದ ಮೊದಲ ಜೋಡಿಬಣ್ಣದ ಲ್ಯಾಂಡ್‌ಗಳ ಕತೆಯಂತೂ ಇನ್ನೂ ಕಷ್ಟ. ಅವನ್ನು ಮತ್ತೆ ಅಚ್ಚು ಹಾಕುವುದಿಲ್ಲ ಎಂದು ಕಂಪನಿ 1996ರಲ್ಲಿ ಮಾತು ಕೊಟ್ಟಿದೆ. ಈಗ ಒಂದೊಂದಕ್ಕೂ ನೂರಾರು ಡಾಲರ್.

ಕಡಿಮೆ ಖರ್ಚಿನ ಕಟ್ಟು ಮಾಡಲು ಹೊರಟವರಲ್ಲಿ ಹೆಚ್ಚಿನವರು ಪಂದ್ಯ ಗೆದ್ದ ದುಬಾರಿ ಪಟ್ಟಿಯೊಂದನ್ನು ತೆಗೆದುಕೊಂಡು, ಅದರಲ್ಲಿನ ದುಬಾರಿ ಎಲೆ ಕಿತ್ತು, ಆ ಜಾಗಕ್ಕೆ ಅದೇ ಕೆಲಸವನ್ನು ಅರೆಬರೆ ಮಾಡುವ ಅಗ್ಗದ ಎಲೆ ತುರುಕುತ್ತಾರೆ. ಹೀಗೆ ಮಾಡಿದ ಕಟ್ಟು ಒಂದು ಸರದಿ ನಿಧಾನವಾಗುತ್ತದೆ, ಕೈಗೆ ತಪ್ಪು ಬಣ್ಣದ ಮಾನಾ ಬರುತ್ತದೆ, ಕೊನೆಗೆ ಆಡುವವರಿಗೇ ಬೇಸರ. ನಾನು ಹೇಳುವುದು ಬೇರೆ ದಾರಿ. ದುಡ್ಡು ನುಂಗುವ ಭಾಗವೇ ಬೇಕಿಲ್ಲದ ಉಪಾಯವನ್ನು ಹುಡುಕಬೇಕು. ಲ್ಯಾಂಡ್ ದುಬಾರಿಯೇ? ಹಾಗಾದರೆ ಲ್ಯಾಂಡ್ ಇದ್ದಷ್ಟೂ ಕೆಟ್ಟದಾಗುವ ಕಟ್ಟನ್ನು ಕಟ್ಟೋಣ.

ಅಂಥದ್ದೊಂದು ಇದೆ. ಆಡುವ ವಿಭಾಗದ ಹೆಸರು ‘ಪಾಪರ್’. ಯಾವುದಾದರೂ ಒಂದು ಸರಣಿಯಲ್ಲಿ ‘ಕಾಮನ್’ ದರ್ಜೆಯಲ್ಲಿ, ಎಂದರೆ ಅತಿ ಸಾಮಾನ್ಯ ಎಲೆಯಾಗಿ ಬಂದದ್ದು ಮಾತ್ರ ಇಲ್ಲಿ ನಡೆಯುತ್ತದೆ. ಕಂಪ್ಯೂಟರಿನಲ್ಲಿ ಆಡುವ ‘ಮ್ಯಾಜಿಕ್ ಆನ್‌ಲೈನ್’ನಲ್ಲಿ ಬೇರೂರಿದ್ದ ಈ ವಿಭಾಗಕ್ಕೆ ಕಾಗದದ ಎಲೆಗಳಲ್ಲೂ ಅಧಿಕೃತ ಮಾನ್ಯತೆ ಸಿಕ್ಕಿದ್ದು 2019ರಲ್ಲಿ. 2022ರಿಂದ ಇದರ ನಿಷೇಧದ ಪಟ್ಟಿಯನ್ನು ನೋಡಿಕೊಳ್ಳಲು ಆಟದ ವಿನ್ಯಾಸಕಾರ ಗ್ಯಾವಿನ್ ವರ್ಹೇ ಮುಂದಾಳತ್ವದಲ್ಲಿ ಆಟಗಾರರ ಸಮಿತಿಯೂ ಇದೆ. ಹೆಸರು ಬಡವನ ಆಟ ಎಂದಿದ್ದರೂ ಎಲೆಗಳು ಬಡವಲ್ಲ. ಮೂವತ್ತು ವರ್ಷಗಳಲ್ಲಿ ಬಂದ ಸಾವಿರಾರು ಸಾಮಾನ್ಯ ಎಲೆಗಳಲ್ಲಿ, ಬರೆದವರೇ ಊಹಿಸದ ಜೋಡಿಗಳು ಅಡಗಿವೆ.

ಅವುಗಳಲ್ಲಿ ನನಗೆ ಅತ್ಯಂತ ಚೊಕ್ಕ ಎನಿಸುವುದು ಮೂರು ಎಲೆಗಳ ಕೂಟ. ಮೊದಲನೆಯದು 2013ರ ‘ಬ್ಯಾಲಸ್ಟ್ರೇಡ್ ಸ್ಪೈ’. ನಾಲ್ಕು ಮಾನಾ, ಹಾರುವ ಪುಟ್ಟ ಗೂಢಚಾರ. ಇಳಿದೊಡನೆ ಒಬ್ಬ ಆಟಗಾರನ ಕಟ್ಟಿನ ಮೇಲಿನಿಂದ ಒಂದೊಂದೇ ಎಲೆ ತೆರೆಯುತ್ತಾ ಹೋಗಬೇಕು, ಲ್ಯಾಂಡ್ ಸಿಗುವವರೆಗೆ, ತೆರೆದದ್ದೆಲ್ಲ ಸ್ಮಶಾನಕ್ಕೆ. ಸಾಮಾನ್ಯ ಕಟ್ಟಿನಲ್ಲಿ ಎರಡು ಮೂರು ಎಲೆಗೊಂದು ಲ್ಯಾಂಡ್ ಇರುತ್ತದೆ, ಆದ್ದರಿಂದ ಈ ಗುಣಕ್ಕೆ ಮೂರು ಕಾಸಿನ ಬೆಲೆ. ಕಟ್ಟಿನಲ್ಲಿ ಲ್ಯಾಂಡೇ ಉಳಿದಿರದಿದ್ದರೆ? ತೆರೆಯುವುದು ನಿಲ್ಲುವುದೇ ಇಲ್ಲ. ಇಡೀ ಕಟ್ಟು ಸ್ಮಶಾನ ಸೇರುತ್ತದೆ.

ಎರಡನೆಯದು ‘ಡ್ರೆಡ್ ರಿಟರ್ನ್’, 2006ರದು. ಸ್ಮಶಾನದಲ್ಲಿರುವ ಒಂದು ಜೀವಿಯನ್ನು ಎಬ್ಬಿಸಿ ಅಂಗಳಕ್ಕೆ ತರುವ ಮಂತ್ರ. ಇದಕ್ಕೆ ‘ಫ್ಲ್ಯಾಶ್‌ಬ್ಯಾಕ್’ ಇದೆ: ಮಂತ್ರದ ಎಲೆಯೇ ಸ್ಮಶಾನದಲ್ಲಿ ಬಿದ್ದಿದ್ದರೂ ಅಲ್ಲಿಂದಲೇ ಹಾಕಬಹುದು. ಬೆಲೆಯಾಗಿ ಮಾನಾ ಬೇಡ, ಮೂರು ಜೀವಿಗಳ ಬಲಿ ಸಾಕು. ಮಾನಾ ಇಲ್ಲದೆ ನಡೆಯುವ ಮಂತ್ರ ಎಷ್ಟು ಅಪಾಯಕಾರಿ ಎಂಬುದು ಕಂಪನಿಗೂ ಗೊತ್ತಿದೆ. 2011ರಲ್ಲಿ ‘ಮಾಡರ್ನ್’ ಎಂಬ ವಿಭಾಗ ಶುರು ಮಾಡುವಾಗಲೇ ಇದನ್ನು ನಿಷೇಧದ ಪಟ್ಟಿಗೆ ಹಾಕಿದ್ದರು. ಮೂರನೆಯದು ‘ಲಾಟ್‌ಲೆತ್ ಜೈಂಟ್’. ಏಳು ಮಾನಾದ ಸೋಂಬೇರಿ ದೈತ್ಯ, ನೇರವಾಗಿ ಇಳಿಸಲು ಯಾರೂ ಹೋಗುವುದಿಲ್ಲ. ಅಂಗಳಕ್ಕೆ ಬಂದಾಗ ನಮ್ಮ ಸ್ಮಶಾನದಲ್ಲಿ ಎಷ್ಟು ಜೀವಿಗಳಿವೆಯೋ ಎದುರಾಳಿಗೆ ಅಷ್ಟು ಏಟು.

ಈಗ ಮೂರನ್ನೂ ಒಟ್ಟಿಗೆ ಓದಿ. ಗೂಢಚಾರ ಇಳಿದ, ಇಡೀ ಕಟ್ಟು ಸ್ಮಶಾನಕ್ಕೆ ಹೋಯಿತು, ಅಂಗಳದಲ್ಲಿದ್ದ ಮೂರು ಜೀವಿ ಬಲಿಯಾದವು, ದೈತ್ಯ ಎದ್ದು ಬಂದ. ಸ್ಮಶಾನದಲ್ಲಿ ಇಪ್ಪತ್ತು ಜೀವಿಗಳಿದ್ದರೆ ಆಟ ಮುಗಿಯಿತು. ಒಂಟಿಯಾಗಿ ಯಾರಿಗೂ ಬೇಡದ ಎಲೆಗಳಾದ್ದರಿಂದಲೇ ಇವು ಅಗ್ಗ. ಮುಗಿಸಲಾಗದಿದ್ದರೆ ಮಾತ್ರ ಮುಂದಿನ ಸರದಿಯಲ್ಲಿ ಎಳೆಯಲು ಎಲೆಯಿಲ್ಲ, ಸೋಲು ನಮ್ಮದು.

ಗೂಢಚಾರ ನಾಲ್ಕು, ಡ್ರೆಡ್ ರಿಟರ್ನ್ ಮತ್ತು ದೈತ್ಯ ಎರಡೆರಡು. ಉಳಿದ 52 ಎಲೆಗಳ ಕೆಲಸ ಎರಡೇ: ನಾಲ್ಕು ಮಾನಾ ಹೊಂದಿಸುವುದು, ಅಷ್ಟರೊಳಗೆ ಲ್ಯಾಂಡ್‌ಗಳನ್ನೆಲ್ಲ ಕಟ್ಟಿನಿಂದ ಹೊರಗೆಳೆಯುವುದು. ನಾನು ಕೂಡಿಸುವ ಪಟ್ಟಿಯಲ್ಲಿ ಲ್ಯಾಂಡ್ ನಾಲ್ಕೇ: ಹಸಿರು ಮಾನಾ ಕೊಡುವ ಎರಡು ಫಾರೆಸ್ಟ್, ಕಪ್ಪು ಮಾನಾ ಕೊಡುವ ಒಂದು ಸ್ವಾಂಪ್, ಎರಡೂ ಆಗಿ ಲೆಕ್ಕಕ್ಕೆ ಬರುವ ಒಂದು ‘ಹಾಂಟೆಡ್ ಮೈರ್’. ಬೇರೆ ಕಟ್ಟುಗಳಲ್ಲಿ ಇಪ್ಪತ್ತರ ಆಸುಪಾಸು ಇರುವ ಕಡೆ ನಾಲ್ಕು! ಇದನ್ನು ಸಾಧ್ಯ ಮಾಡುವುದು 1999ರ ‘ಲ್ಯಾಂಡ್ ಗ್ರಾಂಟ್’. ಕೈಯಲ್ಲಿ ಒಂದೂ ಲ್ಯಾಂಡ್ ಇಲ್ಲವೆಂದು ಕೈ ಬಿಚ್ಚಿ ತೋರಿಸಿದರೆ, ಒಂದು ಮಾನಾವನ್ನೂ ಕೊಡದೆ ಕಟ್ಟಿನಿಂದ ಫಾರೆಸ್ಟ್ ತಂದುಕೊಳ್ಳಬಹುದು. ಎದುರಾಳಿ ನಮ್ಮ ಕೈ ನೋಡಿಬಿಡುತ್ತಾನೆ ಎಂಬುದು ನಿಜ. ನೋಡಲಿ ಬಿಡಿ, ಗೂಢಚಾರನನ್ನು ಕಂಡ ಮೇಲೆ ತಡೆಯುವ ಎಲೆ ಅವನ ಕೈಯಲ್ಲಿ ಇರಬೇಕಲ್ಲ.

ಇನ್ನು ಆರಂಭದಲ್ಲಿ ಹೇಳಿದ ಮರದ ಮನುಷ್ಯ ಮತ್ತು ರಾಕ್ಷಸ, ನಾಲ್ಕು ನಾಲ್ಕು. ಒಂದು ಮಾನಾ ಕೊಟ್ಟು ಎಂಟ್‌ನನ್ನು ಎಸೆದರೆ ಫಾರೆಸ್ಟ್, ಟ್ರೋಲ್‌ನನ್ನು ಎಸೆದರೆ ಸ್ವಾಂಪ್ ಕೈಗೆ ಬರುತ್ತದೆ. ಎಸೆದ ಎಲೆ ಹೋಗುವುದು ಎಲ್ಲಿಗೆ? ಸ್ಮಶಾನಕ್ಕೆ, ಅದೂ ಜೀವಿಯಾಗಿ, ದೈತ್ಯನ ಲೆಕ್ಕಕ್ಕೆ ಒಂದು ಸೇರಿಸಿಕೊಂಡು. ಒಂದೇ ಎಲೆ ಲ್ಯಾಂಡ್ ತಂದಿತು, ಕಟ್ಟನ್ನು ಶುದ್ಧ ಮಾಡಿತು, ಏಟಿನ ಮೊತ್ತ ಹೆಚ್ಚಿಸಿತು. ಈ ಎರಡು ಎಲೆ ಬರುವ ಮುಂಚೆ ಇಂಥ ಕಟ್ಟು ಕುಂಟುತ್ತಿತ್ತು ಎಂದು ಧೈರ್ಯವಾಗಿ ಹೇಳಬಹುದು.

ಮಾನಾ ಕೊಡುವ ಗೋಡೆಗಳು ಬೇಕು: ‘ವಾಲ್ ಆಫ್ ರೂಟ್ಸ್’, ‘ಓವರ್‌ಗ್ರೋನ್ ಬ್ಯಾಟಲ್‌ಮೆಂಟ್’, ‘ಟಿಂಡರ್ ವಾಲ್’, ‘ಸರೂಲಿ ಕೇರ್‌ಟೇಕರ್’, ಜೊತೆಗೆ ಲ್ಯಾಂಡ್ ಹುಡುಕಿ ಕೊಡುವ ‘ಗೇಟ್‌ಕ್ರೀಪರ್ ವೈನ್’, ತಲಾ ನಾಲ್ಕು. ಇವು ದಾಳಿ ಮಾಡಲಾರವು, ಆದರೆ ಮಾನಾ ಕೊಡುತ್ತವೆ, ಎದುರಾಳಿಯ ಪುಂಡರನ್ನು ತಡೆಯುತ್ತವೆ, ಸಮಯ ಬಂದಾಗ ಬಲಿಯಾಗುತ್ತವೆ. ಮಾನಾಕ್ಕಾಗಿ ಅಡ್ಡ ತಿರುಗಿಸಿದ ಗೋಡೆಯನ್ನೂ ಬಲಿ ಕೊಡಬಹುದು ಎಂಬುದೇ ಇಲ್ಲಿನ ಚಮತ್ಕಾರ. ‘ಲೀಡ್ ದ ಸ್ಟಾಂಪೀಡ್’ ಮತ್ತು ‘ವೈಂಡಿಂಗ್ ವೇ’ ಎಂಬ ಎರಡು ಮಂತ್ರಗಳು ಕಟ್ಟಿನ ಮೇಲಿನ ನಾಲ್ಕೈದು ಎಲೆ ನೋಡಿ ಜೀವಿಗಳನ್ನೆಲ್ಲ ಕೈಗೆ ಕೊಡುತ್ತವೆ, ಅವೂ ನಾಲ್ಕು ನಾಲ್ಕು. ನಾಲ್ಕು ‘ಮೆಸ್ಮೆರಿಕ್ ಫೀಂಡ್’, ಅದರ ಮಾತು ಮುಂದೆ. ಕೊನೆಯ ನಾಲ್ಕು ಜಾಗದಲ್ಲಿ ಹಲವರು ‘ಲೋಟಸ್ ಪೆಟಲ್’ ಹಾಕುತ್ತಾರೆ. ಬಿಟ್ಟಿಯಾಗಿ ಇಳಿದು ಒಮ್ಮೆಗೆ ಒಂದು ಮಾನಾ ಕೊಡುವ 1997ರ ಎಲೆ. ಒಳ್ಳೆಯದೇ, ಆದರೆ ಪಟ್ಟಿಯಲ್ಲಿ ಕೈ ಕಚ್ಚುವುದೂ ಅದೇ. ನಾನು ಅಲ್ಲಿ ‘ಎಲ್ವ್ಸ್ ಆಫ್ ಡೀಪ್ ಶ್ಯಾಡೋ’ ಹಾಕುತ್ತೇನೆ. ಒಂದು ಮಾನಾಕ್ಕೆ ಇಳಿದು, ಗೂಢಚಾರನಿಗೆ ಬೇಕಾದ ಕಪ್ಪು ಮಾನಾವನ್ನು ಪ್ರತಿ ಸರದಿಯೂ ಕೊಡುತ್ತದೆ. ಪೆಟಲ್ ಒಮ್ಮೆ ಕೊಟ್ಟು ಹೋಗುತ್ತದೆ. ಪೆಟಲ್ ಜೀವಿಯಲ್ಲ, ಎಲ್ಫ್ ಜೀವಿ. ಬಲಿಗೂ ಆಯಿತು, ಲೆಕ್ಕಕ್ಕೂ ಆಯಿತು. ವೇಗ ಸ್ವಲ್ಪ ಕಡಿಮೆಯಾಗುತ್ತದೆ, ಒಪ್ಪುತ್ತೇನೆ. ಹೀಗೆ ಒಟ್ಟು 60ರಲ್ಲಿ 42 ಜೀವಿಗಳಾದವು.

ಕೈಯಲ್ಲಿ ಹೇಗೆ ಓಡುತ್ತದೆ ನೋಡಿ. ಏಳೆಲೆ ಬಂದಿವೆ: ಲ್ಯಾಂಡ್ ಗ್ರಾಂಟ್, ಕೇರ್‌ಟೇಕರ್, ವಾಲ್ ಆಫ್ ರೂಟ್ಸ್, ಒಂದು ಎಂಟ್, ಎರಡು ಟ್ರೋಲ್, ಗೂಢಚಾರ. ಮೊದಲ ಸರದಿ: ಗ್ರಾಂಟ್ ಬಿಟ್ಟಿ, ಫಾರೆಸ್ಟ್ ಬಂತು, ಅದರಿಂದ ಕೇರ್‌ಟೇಕರ್ ಇಳಿಯಿತು. ಎರಡನೆಯದು: ಫಾರೆಸ್ಟಿನ ಮಾನಾದಿಂದ ಟ್ರೋಲ್ ಎಸೆದು ಹಾಂಟೆಡ್ ಮೈರ್ ತಂದು ಹಾಕಿ, ಅದು ಅಡ್ಡಲಾಗಿಯೇ ಬರುತ್ತದೆ, ಬರಲಿ. ಮೂರನೆಯದು: ಎರಡು ಲ್ಯಾಂಡಿನಿಂದ ವಾಲ್ ಆಫ್ ರೂಟ್ಸ್. ಈ ಗೋಡೆಯನ್ನು ತಿರುಗಿಸದೆಯೇ, ಅದರ ಮೈ ಒಂದಂಶ ಸವೆಸಿ, ಕೂಡಲೇ ಒಂದು ಮಾನಾ ತೆಗೆಯಬಹುದು; ಅದರಲ್ಲಿ ಎಂಟ್ ಎಸೆದು ಎರಡನೇ ಫಾರೆಸ್ಟ್ ತಂದು ಇಳಿಸಿ. ಕೇರ್‌ಟೇಕರ್ ತನ್ನ ಜೊತೆ ಇನ್ನೊಂದು ಜೀವಿಯನ್ನೂ ತಿರುಗಿಸಿದರೆ ಯಾವ ಬಣ್ಣದ್ದಾದರೂ ಒಂದು ಮಾನಾ ಕೊಡುತ್ತದೆ. ಈಗಷ್ಟೇ ಇಳಿದ ಗೋಡೆಯನ್ನು ಅದಕ್ಕೆ ಜೊತೆ ಮಾಡಿ, ಬಂದ ಮಾನಾದಿಂದ ಎರಡನೇ ಟ್ರೋಲ್ ಎಸೆದು ಸ್ವಾಂಪ್ ಕೈಗೆ ತೆಗೆದುಕೊಳ್ಳಿ. ನಾಲ್ಕು ಲ್ಯಾಂಡೂ ಹೊರಗೆ ಬಂದವು. ನಾಲ್ಕನೇ ಸರದಿ: ಸ್ವಾಂಪ್ ಹಾಕಿ, ನಾಲ್ಕೂ ಲ್ಯಾಂಡ್ ತಿರುಗಿಸಿ, ಗೂಢಚಾರನನ್ನು ಇಳಿಸಿ. ಕಟ್ಟು ಪೂರ್ತಿ ಸ್ಮಶಾನಕ್ಕೆ. ಗೂಢಚಾರ, ಕೇರ್‌ಟೇಕರ್, ಗೋಡೆ ಮೂವರೂ ಬಲಿ. ಇಷ್ಟರಲ್ಲಿ ಎಳೆದ ನಾಲ್ಕು ಎಲೆಯೂ ಜೀವಿಗಳೇ ಆಗಿ ಕೈಯಲ್ಲಿ ಉಳಿದಿವೆ ಎಂದುಕೊಂಡರೂ, ದೈತ್ಯನನ್ನು ಕಳೆದು ಸ್ಮಶಾನದಲ್ಲಿ 37 ಜೀವಿಗಳಿರುತ್ತವೆ. ಬೇಕಿದ್ದದ್ದು 20.

ಇಂಥ ಕೈ ದಿನವೂ ಬರುವುದಿಲ್ಲ. ಯಾವುದೇ ಎಲೆಯ ನಾಲ್ಕು ಪ್ರತಿ ಇದ್ದರೆ ಮೊದಲ ಏಳರಲ್ಲಿ ಒಂದಾದರೂ ಬರುವ ಸಾಧ್ಯತೆ ನೂರಕ್ಕೆ 40. ಒಂದೇ ಕೆಲಸ ಮಾಡುವ ಎಲೆ ಎಂಟಿದ್ದರೆ 65, ಹನ್ನೆರಡಿದ್ದರೆ 81. ಮೊದಲ ಲ್ಯಾಂಡ್ ತರಲು ನಾಲ್ಕು ಗ್ರಾಂಟ್, ನಾಲ್ಕು ಲ್ಯಾಂಡ್ ಸೇರಿ ಎಂಟು ಎಲೆ ಇವೆ, ಎಂದರೆ ಮೂರು ಕೈಗೆ ಒಂದು ಕೈಯನ್ನು ಕಣ್ಣುಮುಚ್ಚಿ ವಾಪಸ್ ಹಾಕಬೇಕು. ಎಂಟ್, ಟ್ರೋಲ್ ತುಂಬಿದ ಕೈ ಚಂದ ಕಾಣುತ್ತದೆ. ಆದರೆ ಅವನ್ನು ಎಸೆಯಲು ಮೊದಲೊಂದು ಮಾನಾ ಬೇಕು, ಅದಿಲ್ಲದೆ ಆ ಕೈ ಇಟ್ಟುಕೊಳ್ಳುವುದು ದುರಾಸೆ.

ಡ್ರೆಡ್ ರಿಟರ್ನ್ ಮತ್ತು ದೈತ್ಯ ಒಂದೊಂದೇ ಸಾಕಲ್ಲವೇ, ಜಾಗ ಉಳಿಯುತ್ತದೆ ಎಂದು ಕೆಲವರು ಕೇಳುತ್ತಾರೆ. ಸಾಲದು. ನಾಲ್ಕನೇ ಸರದಿಯೊಳಗೆ ಸುಮಾರು ಹತ್ತು ಎಲೆ ನೋಡಿರುತ್ತೇವೆ. ದೈತ್ಯ ಒಬ್ಬನೇ ಇದ್ದರೆ ಅವನು ಆ ಹತ್ತರಲ್ಲಿ ಬಂದು ಕೈಯಲ್ಲಿ ಸಿಕ್ಕಿಕೊಳ್ಳುವ ಸಾಧ್ಯತೆ ಆರರಲ್ಲಿ ಒಂದು. ಕೈಯಲ್ಲಿದ್ದವನನ್ನು ಸ್ಮಶಾನದಿಂದ ಎಬ್ಬಿಸಲಾಗದು. ಇಬ್ಬರಿದ್ದರೆ ಇಬ್ಬರೂ ಸಿಕ್ಕಿಕೊಳ್ಳುವುದು ನಲವತ್ತರಲ್ಲಿ ಒಂದು. ಮಂತ್ರಕ್ಕೂ ಇದೇ ಲೆಕ್ಕ. ಎರಡೆರಡು ಎಲೆಗೆ ಇಷ್ಟು ಭದ್ರತೆ ಸಿಗುವಾಗ ಜಿಪುಣತನ ಸಲ್ಲ. ಇನ್ನೊಂದು ಲಾಭವೂ ಉಂಟು: ಕಟ್ಟಿನಲ್ಲಿ ಒಂದು ಲ್ಯಾಂಡ್ ಉಳಿದು ಗೂಢಚಾರ ನಡುದಾರಿಯಲ್ಲಿ ನಿಂತರೂ ಎರಡರಲ್ಲೊಂದು ಪ್ರತಿ ಆಗಲೇ ಬಿದ್ದಿರಬಹುದು. ಅವಸರಕ್ಕೆ ಬಿದ್ದಾಗ ಈ ಜೂಜು ಆಡಬಹುದು.

ಎದುರಾಳಿ ಸುಮ್ಮನೆ ಕೂತಿರುತ್ತಾನೆಯೇ? ಸ್ಮಶಾನವನ್ನು ಗುಡಿಸಿ ಹಾಕುವ ಎಲೆಗಳೂ ಕಾಮನ್ ದರ್ಜೆಯಲ್ಲಿ ಧಾರಾಳವಾಗಿವೆ. ಎಲ್ಲಕ್ಕೂ ಹೆದರಬೇಕಿಲ್ಲ. ಇಡೀ ಸ್ಮಶಾನವನ್ನು ಗಡಿಪಾರು ಮಾಡುವ, ಎಂದರೆ ಆಟದಿಂದಲೇ ಹೊರಹಾಕುವ, ‘ಬೊಜುಕಾ ಬಾಗ್’ ಒಂದು ಲ್ಯಾಂಡ್. ಅದನ್ನು ಇಳಿಸಲಾಗುವುದು ಅವನ ಸರದಿಯಲ್ಲಿ ಮಾತ್ರ. ನಮ್ಮ ಸ್ಮಶಾನ ತುಂಬುವುದೂ ಆಟ ಮುಗಿಯುವುದೂ ನಮ್ಮದೇ ಒಂದು ಸರದಿಯಲ್ಲಿ, ಆದ್ದರಿಂದ ಬಾಗ್ ಬಂದರೆ ಎರಡು ಟ್ರೋಲ್‌ಗಳನ್ನು ಹೊತ್ತೊಯ್ಯುತ್ತದೆ, ಅಷ್ಟೇ. ಸರದಿಗಟ್ಟಲೆ ಸ್ಮಶಾನ ತುಂಬಿಸಿಕೊಂಡು ನಡೆಯುವ ‘ಡ್ರೆಜ್’ ಬಗೆಯ ಕಟ್ಟುಗಳಿಗೆ ಇದು ಮಾರಿ, ನಮಗಲ್ಲ.

ನಿಜವಾದ ಮಾರಿ ‘ಫೇರಿ ಮಕಾಬರ್’. ಒಂದು ಮಾನಾವೂ ಇಲ್ಲದೆ, ಕೈಯಿಂದ ಎಸೆದ ಮಾತ್ರಕ್ಕೆ ಸ್ಮಶಾನದ ಎರಡು ಎಲೆ ಗಡಿಪಾರು. ನಾವು ಮೂವರನ್ನು ಬಲಿ ಕೊಟ್ಟು ದೈತ್ಯನನ್ನು ತೋರಿಸಿದ ಗಳಿಗೆಯಲ್ಲಿ ಅವನು ಇಬ್ಬರು ದೈತ್ಯರನ್ನೂ ಎತ್ತಿಬಿಡುತ್ತಾನೆ. ಬಲಿ ಹೋದದ್ದು ಹೋಯಿತು, ಕಟ್ಟು ಖಾಲಿ, ಮುಂದಿನ ಸರದಿಗೆ ಸೋಲು. ಮೆಸ್ಮೆರಿಕ್ ಫೀಂಡ್ ಬೇಕಾಗುವುದು ಇದಕ್ಕೆ. ಎರಡು ಮಾನಾದ ಈ ಜೀವಿ ಇಳಿದಾಗ ಎದುರಾಳಿ ಕೈ ಬಿಚ್ಚಿ ತೋರಿಸಬೇಕು. ಲ್ಯಾಂಡ್ ಅಲ್ಲದ ಒಂದು ಎಲೆಯನ್ನು ನಾವು ಒತ್ತೆ ಇಟ್ಟುಕೊಳ್ಳುತ್ತೇವೆ, ಫೀಂಡ್ ಅಂಗಳದಲ್ಲಿ ಇರುವವರೆಗೆ. ಇಲ್ಲೊಂದು ಎಚ್ಚರ. ಫೀಂಡ್‌ನನ್ನೇ ಬಲಿಗೆ ಸೇರಿಸಿದರೆ ಡ್ರೆಡ್ ರಿಟರ್ನ್ ಫಲಿಸುವ ಮುಂಚೆಯೇ ಒತ್ತೆಯ ಎಲೆ ಅವನ ಕೈಗೆ ಮರಳುತ್ತದೆ, ಅಲ್ಲಿಂದಲೇ ನಮ್ಮ ಮೇಲೆ ಬೀಳುತ್ತದೆ. ಬಲಿಗೆ ಬೇರೆ ಮೂವರನ್ನು ಹೊಂದಿಸಿಕೊಂಡೇ ಹೊರಡಬೇಕು. ಹಾಕಿದ ಮಂತ್ರವನ್ನೇ ರದ್ದು ಮಾಡುವ, ನೀಲಿ ಬಣ್ಣದವರ ‘ಕೌಂಟರ್‌ಸ್ಪೆಲ್’ಗೂ ಮದ್ದು ಇದೇ.

ಇನ್ನು ‘ರೆಲಿಕ್ ಆಫ್ ಪ್ರೊಜೆನಿಟಸ್’. ಮೊದಲೇ ಇಳಿದು ಮೇಜಿನ ಮೇಲೆ ಕಾವಲು ಕೂರುವ, ಬೇಕೆಂದಾಗ ಎಲ್ಲ ಸ್ಮಶಾನಗಳನ್ನೂ ಅಳಿಸುವ ವಸ್ತು. ಇದಕ್ಕಾಗಿ, ಎರಡನೇ ಆಟದಿಂದ ಬದಲಿಸಿಕೊಳ್ಳಲು ಪಕ್ಕದಲ್ಲಿಡುವ 15 ಎಲೆಗಳಲ್ಲಿ ‘ಮಾಸ್ಕ್ಡ್ ವ್ಯಾಂಡಲ್’ ಇಟ್ಟುಕೊಳ್ಳಿ. ಸ್ಮಶಾನದ ಒಂದು ಜೀವಿಯನ್ನು ತೆತ್ತರೆ ರೆಲಿಕ್‌ನಂಥ ವಸ್ತುವನ್ನು ಗಡಿಪಾರು ಮಾಡುತ್ತದೆ. ಎದುರಾಳಿ ಅದಕ್ಕೆ ಮುಂಚೆಯೇ ರೆಲಿಕ್ ಬಳಸಿಬಿಟ್ಟರೆ ಇನ್ನೂ ಒಳ್ಳೆಯದು; ನಮ್ಮ ಸ್ಮಶಾನದಲ್ಲಿ ಆಗ ಇದ್ದದ್ದೇ ಎರಡು ಮೂರು ಎಲೆ.

ಖರ್ಚಿನ ಮಾತು ಬಾಕಿ ಇದೆ. ಭಾರತದಲ್ಲಿ ಕೂತು ಹೊರದೇಶದಿಂದ ಬಿಡಿ ಎಲೆ ತರಿಸುವವರಿಗೆ ಅಂಚೆ, ಕಸ್ಟಮ್ಸ್ ಸೇರಿ ಎಲೆಗಳ ಬೆಲೆಯನ್ನೇ ಮೀರಬಹುದು. ನಾಲ್ಕಾರು ಗೆಳೆಯರು ಕೂಡಿ ಒಂದೇ ಸಲ ತರಿಸುವುದು ಜಾಣತನ. ಅದಕ್ಕೂ ಮೊದಲು ಇಡೀ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ, ಕತ್ತರಿಸಿ, ಹಳೆಯ ಇಸ್ಪೀಟು ಎಲೆಯ ಜೊತೆ ಪ್ಲಾಸ್ಟಿಕ್ ಕವರಿಗೆ ತೂರಿಸಿ ಮನೆಯಲ್ಲಿ ಆಡಿ ನೋಡಿ. ಅಧಿಕೃತ ಪಂದ್ಯದಲ್ಲಿ ಇದು ನಡೆಯುವುದಿಲ್ಲ, ಅಡುಗೆಮನೆ ಮೇಜಿನ ಮೇಲೆ ಯಾರೂ ಕೇಳುವುದಿಲ್ಲ. ಹಣ ಕಟ್ಟುವ ದಿನ ನಿಷೇಧದ ಪಟ್ಟಿಯನ್ನು ಮತ್ತೊಮ್ಮೆ ನೋಡಿ; ಕೂಟ ಕಟ್ಟಿ ಒಂದೇ ಏಟಿಗೆ ಮುಗಿಸುವ ಕಟ್ಟುಗಳ ಮೇಲೆ ಸಮಿತಿಯ ಕಣ್ಣು ಸದಾ ಇರುತ್ತದೆ, ಎದುರಿಗೆ ಕೂತವರ ಗೊಣಗಾಟವೂ ಅವರ ಕಿವಿಗೆ ಬೀಳುತ್ತದೆ.

ಗೊಣಗುವವರಲ್ಲಿ ನ್ಯಾಯವಿದೆ. ಮೂರು ಸರದಿ ಗೋಡೆ ಕಟ್ಟಿಕೊಂಡು ಕೂತು, ನಾಲ್ಕನೆಯದರಲ್ಲಿ ಐದು ನಿಮಿಷ ಒಬ್ಬರೇ ಆಡಿ ಮುಗಿಸುವ ಈ ಶೈಲಿ ನೋಡುವವರಿಗೆ ಸಪ್ಪೆ. ಆದರೆ ಎರಡನೇ ಆಟದಲ್ಲಿ ಅವರು ಸ್ಮಶಾನ ಕಾಯಲು ನಾಲ್ಕಾರು ಎಲೆ ತುಂಬಿಕೊಂಡು ಬಂದಾಗ ಆಟದ ಸ್ವರೂಪವೇ ಬದಲಾಗುತ್ತದೆ. ಕಾವಲಿನ ಎಲೆ ಹಿಡಿದು ಕೂತವರ ಮುಂದೆ ಗೂಢಚಾರನನ್ನು ಇಳಿಸುವ ಗೋಜಿಗೇ ಹೋಗಬೇಡಿ. ಬ್ಯಾಟಲ್‌ಮೆಂಟ್ ತಾನು ಸೇರಿ ಅಂಗಳದಲ್ಲಿರುವ ಪ್ರತಿ ಗೋಡೆಗೂ ಒಂದು ಮಾನಾ ಕೊಡುತ್ತದೆ. ನಾಲ್ಕು ಗೋಡೆ ನಿಂತರೆ ಆರು ಮಾನಾ ಕಷ್ಟವಲ್ಲ. ಆರು ಮಾನಾಕ್ಕೆ ಟ್ರೋಲ್‌ನನ್ನು ಎಸೆಯುವ ಬದಲು ಇಳಿಸಿಯೇ ಬಿಡಬಹುದು. ಅವನನ್ನು ತಡೆಯಲು ಎದುರಾಳಿಯ ಕಡೆ ಮೂವರು ಒಟ್ಟಿಗೆ ನಿಲ್ಲಬೇಕು, ಹೊಡೆತ ಆರು.